ಐರಿಷ್ ಕಂಟ್ರಿ ಶೋಬ್ಯಾಂಡ್‌ಗಳ ಗಾಯಕಿಯರು: ಫಿಲೊಮಿನಾ ಬೆಗ್ಲಿ ಬೆಳೆದ ದಾರಿ, ಶ್ರುತಿ, ಮೈಕು, ದುಡ್ಡು

ರೇಡಿಯೊಪೆಟ್ಟಿಗೆ

ಫಿಲೊಮಿನಾ ಬೆಗ್ಲಿ, ಮಾರ್ಗೊ, ಸೂಸನ್ ಮೆಕ್ಯಾನ್ ಹಾಡಿದ ರೆಕಾರ್ಡುಗಳು ಈಗ ಬೇಕಾದಷ್ಟು ಸಿಗುತ್ತವೆ. ಅವರ ಬದುಕಿನ ಬಗ್ಗೆ ಓದಲೂ ಸಾಕಷ್ಟಿದೆ. ಸಿಗದೇ ಇರುವುದು ಕಸುಬಿನ ವಿವರ. 1960–70ರ ದಶಕಗಳಲ್ಲಿ ಐರ್ಲೆಂಡಿನ ಶೋಬ್ಯಾಂಡ್ (ಕುಣಿತಕ್ಕೆ ನುಡಿಸುವ ತಂಡ) ಸೇರಿದ ಹೆಣ್ಣುಮಗಳು ಒಂದು ರಾತ್ರಿಗೆ ಎಷ್ಟು ಹಾಡಬೇಕಿತ್ತು? ಯಾವ ಶ್ರುತಿಯಲ್ಲಿ? ಎಂಥ ಮೈಕಿನ ಮುಂದೆ? ದುಡ್ಡು ಹೇಗೆ ಹಂಚಿಕೆಯಾಗುತ್ತಿತ್ತು? ಎಷ್ಟೋ ಗಾಯಕಿಯರು ನಾಲ್ಕೈದು ವರ್ಷಕ್ಕೆ ಮರೆಯಾದರು, ಇವರು ದಶಕಗಟ್ಟಲೆ ನಿಂತರು, ಯಾಕೆ? ಗೊತ್ತಿದ್ದವರು ಬಿಡಿಸಿ ಬರೆಯಿರಿ. "ಅದ್ಭುತ ಕಂಠ" ಅನ್ನುವಲ್ಲಿಗೆ ನಿಲ್ಲಿಸಬೇಡಿ, ದಯವಿಟ್ಟು.

ತಾಳಮೇಳ

ಬಾಲ್‌ರೂಮಿನಿಂದ, ಅಂದರೆ ಕುಣಿತದ ಸಭಾಂಗಣದಿಂದ ಶುರು ಮಾಡೋಣ, ಯಾಕೆಂದರೆ ಗಾಯಕಿ ಏನು ಹಾಡಬೇಕು ಎನ್ನುವುದನ್ನು ನಿರ್ಧರಿಸಿದ್ದೇ ಅದು. ಶೋಬ್ಯಾಂಡ್ ಕೂತು ಕೇಳುವವರಿಗಾಗಿ ಇದ್ದ ತಂಡ ಅಲ್ಲ, ಜನರನ್ನು ಕುಣಿಸಲು ಇದ್ದ ತಂಡ. 1950ರ ದಶಕದಲ್ಲಿ ಸ್ಟ್ರಬೇನ್ ಊರಿನ ಕ್ಲಿಪ್ಪರ್ ಕಾರ್ಲ್‌ಟನ್ ತಂಡದವರು ನೊಟೇಶನ್ ಸ್ಟ್ಯಾಂಡುಗಳನ್ನು ಆಚೆಗಿಟ್ಟು, ಎದ್ದು ನಿಂತು, ವೇದಿಕೆಯ ತುಂಬ ಓಡಾಡುತ್ತ ನುಡಿಸುವುದನ್ನು ರೂಢಿಗೆ ತಂದರು. ಆಮೇಲೆ ವಾಟರ್‌ಫರ್ಡಿನ ರಾಯಲ್ ಶೋಬ್ಯಾಂಡ್ ಅದನ್ನೇ ದೊಡ್ಡ ಉದ್ಯಮ ಮಾಡಿತು. ತಂಡದಲ್ಲಿ ಏಳೆಂಟು ಜನ: ಡ್ರಮ್ಸ್, ಬಾಸ್, ಎರಡು ಗಿಟಾರ್, ಕೀಬೋರ್ಡ್, ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್. ಹಾಡುವವರು ಇವರೊಳಗೇ ಒಬ್ಬರೋ ಇಬ್ಬರೋ.

1935ರ ಸಾರ್ವಜನಿಕ ನೃತ್ಯಶಾಲೆ ಕಾಯ್ದೆಯ ಪ್ರಕಾರ ಕುಣಿತ ನಡೆಸಲು ಜಿಲ್ಲಾ ನ್ಯಾಯಾಲಯದಿಂದ ಪರವಾನಗಿ ಬೇಕಿತ್ತು. ಎಷ್ಟು ಹೊತ್ತಿಗೆ ಮುಗಿಸಬೇಕು ಎನ್ನುವುದೂ ಆ ಷರತ್ತಿನೊಳಗೇ ಬರುತ್ತಿತ್ತು. ಬಾಲ್‌ರೂಮಿನಲ್ಲಿ ಮದ್ಯ ಇಲ್ಲ, ಚಹಾ ಮತ್ತು ಸೋಡಾ ಬಾಟಲಿ ಅಷ್ಟೇ. ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ. ಮೊದಲು ಸ್ಥಳೀಯ ರಿಲೀಫ್ ಬ್ಯಾಂಡ್ ನುಡಿಸಿ ಜನ ಸೇರಿಸುತ್ತಿತ್ತು. ಮುಖ್ಯ ಬ್ಯಾಂಡ್ ಆಮೇಲೆ ಹತ್ತಿ, ಕೊನೆಗೆ ರಾಷ್ಟ್ರಗೀತೆ ನುಡಿಸಿ ಇಳಿಯಬೇಕು. ದಕ್ಷಿಣದಲ್ಲಿ, ಅಂದರೆ ಐರ್ಲೆಂಡ್ ಗಣರಾಜ್ಯದಲ್ಲಿ, ಭಾನುವಾರ ರಾತ್ರಿಯೇ ದೊಡ್ಡ ರಾತ್ರಿ.

ಹಾಡುಗಳು ಮೂರು ಮೂರರ ಗುಂಪಾಗಿ ಬರುತ್ತಿದ್ದವು. ಮೂರೂ ಒಂದೇ ಲಯದವು. ಮೂರು ವೇಗದ್ದು, "ಮುಂದಿನ ಡ್ಯಾನ್ಸಿಗೆ ದಯವಿಟ್ಟು" ಎಂಬ ಘೋಷಣೆ, ಜನ ಗೋಡೆಗೆ ವಾಪಸ್, ಆಮೇಲೆ ಮೂರು ನಿಧಾನದ್ದು. ಹಾಡಿಗೆ ಮೂರು ನಿಮಿಷ, ಗುಂಪುಗಳ ನಡುವೆ ಎರಡು ಮೂರು ನಿಮಿಷದ ಬಿಡುವು ಅಂತ ಹಿಡಿದರೂ ಮೂರು ಗಂಟೆಗೆ ಹದಿನೈದು ಗುಂಪು, ಅಂದರೆ 45 ಹಾಡು ಆಯಿತು. ತಂಡದಲ್ಲಿ ಮುಖ್ಯ ಗಾಯಕ ಗಂಡಸಾಗಿದ್ದರೆ ಹೆಣ್ಣುಮಗಳಿಗೆ ಅದರಲ್ಲಿ ಎರಡು ಮೂರು ಗುಂಪು. ಮಿಕ್ಕ ಹೊತ್ತೆಲ್ಲ ತಂಬೂರಿನ್ ಹಿಡಿದು ಹಿಂದೆ ನಿಂತು ಹಿಮ್ಮೇಳ ಹೇಳುವುದು. ಆದರೆ ಹೆಸರು ಆಕೆಯದೇ ಆಗಿದ್ದರೆ 45ರಲ್ಲಿ ಅರ್ಧಕ್ಕಿಂತ ಹೆಚ್ಚು ಆಕೆಯ ಹೆಗಲಿಗೇ. ಬೆಗ್ಲಿ ವಿಷಯದಲ್ಲಿ ನೋಡಬೇಕಾದದ್ದು ಈ ಎರಡರ ನಡುವಿನ ದಾಟು.

ಹಳೇತಟ್ಟೆ

ತಾಳಮೇಳ ಅವರು ಹೇಳಿದ್ದಕ್ಕೆ ಕಾಲಾನುಕ್ರಮ ಸೇರಿಸುತ್ತೇನೆ.

ಬೆಗ್ಲಿ ಹುಟ್ಟಿದ್ದು 1942ರಲ್ಲಿ, ಉತ್ತರ ಐರ್ಲೆಂಡಿನ ಟೈರೋನ್ ಕೌಂಟಿಯ ಪೊಮೆರಾಯ್‌ನಲ್ಲಿ. 1962ರಲ್ಲಿ ಓಲ್ಡ್ ಕ್ರಾಸ್ ಕೇಲಿ ಬ್ಯಾಂಡ್ ಸೇರಿದರು. ಕೇಲಿ ಅಂದರೆ ಐರಿಷ್ ಜಾನಪದ ಕುಣಿತ. ಅಕಾರ್ಡಿಯನ್, ಪಿಟೀಲು, ಡ್ರಮ್ ಇರುವ ತಂಡಗಳವು, ಹಾಡಿಗೆ ಜಾಗ ಕಡಿಮೆ. ಅದೇ ತಂಡ ಮುಂದೆ ಕಂಟ್ರಿ ಫ್ಲೇವರ್ ಎಂದು ಹೆಸರು ಬದಲಿಸಿಕೊಂಡು ಅಮೆರಿಕದ ಕಂಟ್ರಿ ಹಾಡುಗಳತ್ತ ತಿರುಗಿತು. 1971ರಲ್ಲಿ ಮೊದಲ ಬಾರಿಗೆ ಐರಿಷ್ ಪಟ್ಟಿಗೆ (ಹೆಚ್ಚು ಮಾರಾಟವಾಗುವ ರೆಕಾರ್ಡುಗಳ ಪಟ್ಟಿ) ಬಂದರು. 1974ರ ಹೊತ್ತಿಗೆ ಸ್ವಂತ ತಂಡ: ಫಿಲೊಮಿನಾ ಬೆಗ್ಲಿ ಆಂಡ್ ಹರ್ ರ‍್ಯಾಂಬ್ಲಿನ್ ಮೆನ್. ಮದುವೆಯಾದದ್ದು ಅಕಾರ್ಡಿಯನ್ ವಾದಕ ಟಾಮ್ ಕ್ವಿನ್ ಅವರನ್ನು. ಗಮನಿಸಿ, ಹೆಸರು ತಂಡದ ಮುಂದೆ ಬರಲು ಹನ್ನೆರಡು ವರ್ಷ ಹಿಡಿಯಿತು.

ಮಾರ್ಗೊ 1951ರವರು, ಡೊನೆಗಾಲ್ ಕೌಂಟಿಯ ಕಿನ್‌ಕ್ಯಾಸ್ಲಾ ಊರು. ಕೀನೋಟ್ಸ್ ತಂಡಕ್ಕೆ 1964ರಲ್ಲಿ ಸೇರಿದಾಗ ಬರೀ 13 ವರ್ಷ, ಇನ್ನೂ ಶಾಲೆಯ ಹುಡುಗಿ. ಮೊದಲ ರೆಕಾರ್ಡ್ 1968ರಲ್ಲಿ. 70ರ ದಶಕದಲ್ಲಿ ಮಾರ್ಗೊ ಆಂಡ್ ದ ಕಂಟ್ರಿ ಫೋಕ್. ಮಾರ್ಗೊ ಅವರ ತಮ್ಮ, ಗಾಯಕ ಡೇನಿಯಲ್ ಓಡೊನೆಲ್ ವೃತ್ತಿಗೆ ಕಾಲಿಟ್ಟದ್ದೇ 1980ರ ದಶಕದ ಆರಂಭದಲ್ಲಿ ಅಕ್ಕನ ತಂಡದಲ್ಲಿ ಗಿಟಾರ್ ಹಿಡಿದು. ಸೂಸನ್ ಮೆಕ್ಯಾನ್ ಆರ್ಮಾ ಕೌಂಟಿಯವರು, 1977ರಲ್ಲಿ ಐರಿಷ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದರು. ಆ ಹಾಡು ಅಮೆರಿಕದ ವೇಲನ್ ಜೆನಿಂಗ್ಸ್ ಹಾಡೊಂದರ ಧಾಟಿಗೆ ಮೊನಾಹನ್ ಕೌಂಟಿಯ ಬಿಗ್ ಟಾಮ್ ಅವರನ್ನು ಕೂರಿಸಿ ಕಟ್ಟಿದ್ದು. ಒಬ್ಬ ಗಾಯಕಿಗೆ ಮೊದಲ ಸ್ಥಾನ ತಂದ ಹಾಡು ಒಬ್ಬ ಗಾಯಕನನ್ನು ರಾಜ ಎಂದು ಕೊಂಡಾಡುವ ಹಾಡು! ಆ ಲೋಕದಲ್ಲಿ ಸಿಂಹಾಸನ ಯಾರಿಗಿತ್ತು ಎನ್ನುವುದು ಇಲ್ಲೇ ಕಾಣುತ್ತದೆ.

ಇವರಿಗಿಂತ ಮುಂಚೆ ಸ್ಲೈಗೊದ ಮೇಸಿ ಮೆಕ್‌ಡೇನಿಯಲ್ ಇದ್ದರು, ಫೆಂಡರ್‌ಮೆನ್ ತಂಡದಲ್ಲಿ. ಆಕೆಯನ್ನು ಬಿಟ್ಟು ಈ ಕಥೆ ಹೇಳುವುದು ನ್ಯಾಯವಲ್ಲ.

ಕುಣಿತದಮನೆ

ಕೆಡೆಟ್ಸ್ ತಂಡದ ಐಲೀನ್ ರೀಡ್ ಅವರನ್ನೂ ಸೇರಿಸಿ. ಎತ್ತರದ ಜೇನುಗೂಡಿನ ತುರುಬು, ಮದುವೆಯ ಗೌನ್ ತೊಟ್ಟು ವೇದಿಕೆಗೆ ಬಂದವರು.

ಹಳೇತಟ್ಟೆ

ಸೇರಿಸಬೇಕು, ಆದರೆ ಕಂಟ್ರಿ ಗಾಯಕಿ ಅಂತಲ್ಲ. ಕೆಡೆಟ್ಸ್ ಡಬ್ಲಿನ್ನಿನ ಪಾಪ್ ಶೋಬ್ಯಾಂಡ್, ಗಂಡಸರೆಲ್ಲ ನೌಕಾಪಡೆ ಮಾದರಿಯ ಸಮವಸ್ತ್ರದವರು. 1964ರ ಆ ಮದುವೆ ಉಡುಪಿನ ಹಾಡು ಕಣ್ಣೀರಿನ ಹಾಡೇ, ನಿಜ. ಆದರೆ ಆಕೆಗೆ ಸಿಕ್ಕಿದ್ದು ನೋಟದ ಬಲ. ಕಂಟ್ರಿ ಗಾಯಕಿಯರಿಗೆ ಆಧಾರವಾದದ್ದು ಬೇರೆ: ಹಳ್ಳಿಯ ಬಾಲ್‌ರೂಮುಗಳು, ಲಂಡನ್ನಿಗೆ ದುಡಿಯಲು ಹೋದ ಐರಿಷ್ ಜನ, ವಾಲ್ಟ್ಸ್ ಎಂಬ ಮೂರು ಮಾತ್ರೆಯ ನಿಧಾನದ ಕುಣಿತ.

ಕಪ್ಪುಬಿಳಿ

ಶ್ರುತಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಬಹಳ ಗಾಯಕಿಯರ ಗಂಟಲು ಹಾಳಾದದ್ದು ಇಲ್ಲೇ.

ಆಗಿನ ಹಾಡುಗಳೆಲ್ಲ ಹೆಚ್ಚಾಗಿ ಗಂಡಸರ ಹಾಡುಗಳು. ಗಾಯಕ ಜಿ ಮೇಜರ್‌ನಲ್ಲಿ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದ ಬಿಳಿ ಐದರಲ್ಲಿ ಹಾಡುತ್ತಿದ್ದ ಎಂದಿಟ್ಟುಕೊಳ್ಳಿ. ಕೆಳಗಿನ ಪಂಚಮದಿಂದ ಮೇಲಿನ ಪಂಚಮದವರೆಗೆ ಓಡಾಡುವ ಸಾಮಾನ್ಯ ಕಂಟ್ರಿ ಧಾಟಿಯನ್ನು ಹೆಣ್ಣುಧ್ವನಿ ಎದೆಯಿಂದ ತುಂಬಿ ಹಾಡಬೇಕಾದರೆ ಸಿ (ಬಿಳಿ ಒಂದು) ಅಥವಾ ಡಿ (ಬಿಳಿ ಎರಡು) ಸರಿಹೊಂದುತ್ತದೆ. ಗಿಟಾರಿನವನಿಗೂ ಇವೆರಡು ಸುಲಭ, ಬಿಟ್ಟ ತಂತಿಗಳು ಸಿಗುತ್ತವೆ.

ತಕರಾರು ಬರುವುದು ಊದುವವರಿಂದ. ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಆಲ್ಟೊ ಸ್ಯಾಕ್ಸ್ ಇ ಫ್ಲ್ಯಾಟ್ ವಾದ್ಯ, ಅಂದರೆ ಹಾಳೆಯ ಮೇಲೆ ಸಿ ಎಂದು ಬರೆದದ್ದನ್ನು ನುಡಿಸಿದರೆ ಕೇಳಿಸುವುದು ಆ ಸ್ವರ. ಗಾಯಕಿ ಡಿ ಅಂದರೆ ಟ್ರಂಪೆಟಿನವನು ಇ ಮೇಜರ್ ಓದಬೇಕು, ನಾಲ್ಕು ಶಾರ್ಪ್ (ಏರಿಸಿ ನುಡಿಸಬೇಕಾದ ಸ್ವರ). ಆಲ್ಟೊ ಸ್ಯಾಕ್ಸಿನವನು ಬಿ ಮೇಜರ್, ಐದು ಶಾರ್ಪ್. ಅರ್ಧ ಮನೆ ಏರಿಸಿ ಇ ಫ್ಲ್ಯಾಟ್ (ಕಪ್ಪು ಎರಡು) ಮಾಡಿದರೆ ಟ್ರಂಪೆಟ್ಟಿಗೆ ಎಫ್, ಸ್ಯಾಕ್ಸಿಗೆ ಸಿ, ಇಬ್ಬರಿಗೂ ಹಾಯಾಗುತ್ತದೆ. ಗಿಟಾರಿನವನು ಮೊದಲ ಫ್ರೆಟ್ಟಿಗೆ (ಮೆಟ್ಟಿಲಿಗೆ) ಕೇಪೊ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಡಿ ಆಕಾರದಲ್ಲೇ ನುಡಿಸಿಬಿಡುತ್ತಾನೆ. ಆ ಅರ್ಧ ಮನೆಯ ಭಾರ ಪೂರ್ತಿ ಬೀಳುವುದು ಗಾಯಕಿಯ ಮೇಲೆ. ಒಂದು ಹಾಡಿಗೆ ಗೊತ್ತಾಗುವುದಿಲ್ಲ. ಇಪ್ಪತ್ತು ಹಾಡಾದ ಮೇಲೆ, ರಾತ್ರಿ ಒಂದು ಗಂಟೆಗೆ, ಮೇಲಿನ ಸ್ವರ ಒಡೆಯುತ್ತದೆ.

ಸರಿಯಾದ ಪರಿಹಾರ ಕೆಳಕ್ಕೆ ಇಳಿಸುವುದು. ಡಿ ಬದಲು ಸಿ. ಆಗ ಟ್ರಂಪೆಟ್ಟಿಗೆ ಎರಡು ಶಾರ್ಪ್, ಸ್ಯಾಕ್ಸಿಗೆ ಮೂರು, ಇಬ್ಬರೂ ತೂಗಿಸಬಹುದು. ಕೆಳಗಿನ ಪಂಚಮ ತುಂಬ ಇಳಿಯಿತು ಅನ್ನಿಸಿದರೆ ಧಾಟಿಯ ಆ ಒಂದು ಸ್ವರವನ್ನು ತಿದ್ದಿಕೊಳ್ಳಬಹುದು, ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಊದುವವರು ತಮ್ಮ ಭಾಗಗಳನ್ನು ಹೊಸದಾಗಿ ಬರೆದುಕೊಳ್ಳಬೇಕು, ರಿಹರ್ಸಲ್ ಮಾಡಬೇಕು. ವಾರಕ್ಕೆ ಐದಾರು ರಾತ್ರಿ ರಸ್ತೆಯಲ್ಲಿರುವ ತಂಡ ಒಬ್ಬ ಸಂಬಳದ ಹುಡುಗಿಗೋಸ್ಕರ ಆ ಕಷ್ಟ ತೆಗೆದುಕೊಳ್ಳುವುದು ಕಮ್ಮಿ. ಯಜಮಾನಿ ಆಕೆಯೇ ಆಗಿದ್ದರೆ ಎಲ್ಲರೂ ಬರೆದುಕೊಳ್ಳುತ್ತಾರೆ.

ಇನ್ನೊಂದು ಮಾತು. 60ರ ದಶಕದ ಕೊನೆಯಿಂದ ಕಂಟ್ರಿ ತಂಡಗಳು ಹಿತ್ತಾಳೆ ವಾದ್ಯಗಳನ್ನು ಕಡಿಮೆ ಮಾಡುತ್ತ ಪೆಡಲ್ ಸ್ಟೀಲ್ ಗಿಟಾರ್ ತಂದುಕೊಂಡವು. ಹತ್ತು ತಂತಿ, ಇ9 ಶ್ರುತಿ, ಕೈಯಲ್ಲಿ ಉಕ್ಕಿನ ಕಡ್ಡಿ. ಕಡ್ಡಿಯನ್ನು ಒಂದು ಫ್ರೆಟ್ ಜಾರಿಸಿದರೆ ಶ್ರುತಿ ಬದಲಾಯಿತು, ಪೆಡಲ್ ಹಿಡಿತಗಳೆಲ್ಲ ಹಾಗೇ ಉಳಿಯುತ್ತವೆ. ಗಾಯಕಿ ಹೇಳಿದ ಶ್ರುತಿಗೆ ತಂಡ ಬಗ್ಗುವುದು ಆಮೇಲೆ ಸುಲಭವಾಯಿತು. ಕಂಟ್ರಿ ಸಂಗೀತದಲ್ಲಿ ಹೆಂಗಸರು ಹೆಚ್ಚು ಕಾಲ ನಿಂತದ್ದಕ್ಕೆ ಇದೂ ಒಂದು ಕಾರಣ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ರೇಡಿಯೊಪೆಟ್ಟಿಗೆ

ಕಪ್ಪುಬಿಳಿ ಸರ್, ತುಂಬ ಉಪಕಾರವಾಯಿತು. ಹಾಗಾದರೆ ಯುಗಳಗೀತೆಗಳಲ್ಲಿ? ಬೆಗ್ಲಿ ಮತ್ತು ರೇ ಲೈನಮ್ ಜೋಡಿ ಅಷ್ಟೊಂದು ಹಾಡಿದೆಯಲ್ಲ.

ಕಪ್ಪುಬಿಳಿ

ಒಂದೇ ಶ್ರುತಿಯಲ್ಲಿ ಇಬ್ಬರಿಗೂ ಚರಣ ಹಂಚಿದರೆ ಒಬ್ಬರಿಗೆ ಕಷ್ಟ ತಪ್ಪಿದ್ದಲ್ಲ. ದಾರಿಗಳು ಎರಡು. ಒಂದು: ಮುಖ್ಯ ಧಾಟಿ ಗಂಡಸಿಗೆ, ಅದರ ಮೇಲಿನ ಮೂರನೇ ಸ್ವರದಲ್ಲಿ ಜೊತೆ ಧಾಟಿ ಹೆಂಗಸಿಗೆ, ಹಾಡಿನುದ್ದಕ್ಕೂ ಹಾಗೇ. ಎರಡು: ಆಕೆಯ ಚರಣ ಬಂದಾಗ ನಾಲ್ಕನೇ ಸ್ವರಕ್ಕೆ ಏರುವುದು. ಜಿಯಲ್ಲಿ ಹಾಡು ನಡೆಯುತ್ತಿದ್ದರೆ ಜಿ7 ಎಂಬ ಕಾರ್ಡ್ (ಸ್ವರಗುಚ್ಛ) ಒಂದು ಬಾರ್, ಅಂದರೆ ತಾಳದ ಒಂದು ಸುತ್ತು, ಹಿಡಿದರೆ ಸಿಗೆ ಬಾಗಿಲು ತೆರೆಯಿತು. ವಾಪಸ್ ಬರಲು ಡಿ7. ಹೊಸ ತಂಡಗಳು ಎಡವುವುದು ವಾಪಸ್ ಬರುವಾಗ: ಬಾಸಿನವನು ಸಿಯಲ್ಲೇ ಉಳಿದುಬಿಡುತ್ತಾನೆ. ಅದಕ್ಕೇ ಆ ಡಿ7 ಬಾರಿನಲ್ಲಿ ಡ್ರಮ್ಮಿನವನು ಒಂದು ಸ್ಪಷ್ಟ ಉರುಳಿಕೆ ಕೊಡಬೇಕು.

ಲೈನಮ್ ವೆಸ್ಟ್‌ಮೀತ್ ಕೌಂಟಿಯ ಮೋಟ್ ಊರಿನವರು, ಅವರದು ಹಿಲ್‌ಬಿಲೀಸ್ ತಂಡ. ಇಬ್ಬರದೂ ಬೇರೆ ಬೇರೆ ತಂಡ, ಬೇರೆ ಬುಕಿಂಗ್. ಜೋಡಿಯಾಗಿ ರೆಕಾರ್ಡ್ ಮಾಡುವುದರಿಂದ ಇಬ್ಬರ ಅಭಿಮಾನಿಗಳೂ ಇಬ್ಬರ ಬಾಲ್‌ರೂಮಿಗೂ ಬರುತ್ತಾರೆ. ವ್ಯವಹಾರದಲ್ಲಿ ಇದು ಚತುರ ನಡೆ.

ಮೈಕ್‌ಸೆಟ್

ಧ್ವನಿವ್ಯವಸ್ಥೆ ಬಗ್ಗೆ.

ಸಾವಿರ, ಸಾವಿರದೈನೂರು ಜನ ತುಂಬಿದ ಬಾಲ್‌ರೂಮಿಗೆ ಆಗ ಇರುತ್ತಿದ್ದ ಹಾಡಿನ ಆಂಪ್ಲಿಫೈಯರ್ 100 ವ್ಯಾಟಿನ ಆಸುಪಾಸು. ವೇದಿಕೆಯ ಎರಡು ಬದಿಗೆ ಎರಡು ಉದ್ದನೆಯ ಕಾಲಮ್ ಸ್ಪೀಕರ್, ಒಂದೊಂದರಲ್ಲಿ ನಾಲ್ಕು ಹತ್ತಿಂಚಿನ ಅಥವಾ ಹನ್ನೆರಡಿಂಚಿನ ಕೋನ್. ಹಾಡುವವರಿಗೆ ತಮ್ಮ ದನಿ ಕೇಳಿಸಲು ಬೇರೆ ಮಾನಿಟರ್ ಇಲ್ಲ. ಹಿಂದೆ 30 ವ್ಯಾಟಿನ ವಾಕ್ಸ್ ಗಿಟಾರ್ ಆಂಪ್, ಅದರ ಪಕ್ಕ ಹಿತ್ತಾಳೆ ವಾದ್ಯಗಳು. ಬಾಲ್‌ರೂಮ್ 30 ಮೀಟರ್ ಉದ್ದ ಇದ್ದರೆ ಗಾಯಕಿಯ ದನಿ ಎದುರು ಗೋಡೆಗೆ ಬಡಿದು 60 ಮೀಟರ್ ಪಯಣಿಸಿ ವಾಪಸ್ ಬರಲು 0.17 ಸೆಕೆಂಡ್ ಬೇಕು. ವೇಗದ ಹಾಡಿನಲ್ಲಿ ಅದು ಅರ್ಧ ಮಾತ್ರೆಗಿಂತ ಹೆಚ್ಚು. ಆ ಪ್ರತಿಧ್ವನಿಗೆ ಕಿವಿಕೊಟ್ಟವರ ತಾಳ ಹಿಂದಕ್ಕೆ ಎಳೆಯುತ್ತದೆ. ಅನುಭವಿಗಳು ಹೈಹ್ಯಾಟಿನ (ಡ್ರಮ್ಸ್ ಜೊತೆಗಿನ ಜೋಡಿ ತಾಳದ ತಟ್ಟೆ) ಸದ್ದಿಗೆ ಅಂಟಿಕೊಂಡು ಹಾಡುತ್ತಾರೆ, ಅದಕ್ಕೆ ಡ್ರಮ್ಸ್ ಪಕ್ಕಕ್ಕೇ ಮೈಕ್ ಸ್ಟ್ಯಾಂಡ್ ಇಡುವುದು ಒಳ್ಳೆಯದು.

ಕೆಡುತ್ತಿದ್ದದ್ದು ಏನೇನು:

ಕಾಲಮ್ಮನ್ನು ಅಡ್ಡ ಮಲಗಿಸುವುದು. ನೆಟ್ಟಗೆ ನಿಲ್ಲಿಸಿದ ಕಾಲಮ್ ಸದ್ದನ್ನು ಅಗಲಕ್ಕೆ ಹರಡುತ್ತದೆ, ಚಾವಣಿಗೆ ಕಡಿಮೆ ಕಳಿಸುತ್ತದೆ. ಮಲಗಿಸಿದರೆ ತಿರುಗಾಮುರುಗಾ: ಚಾವಣಿ ಗಡಗಡ, ಬದಿಯಲ್ಲಿದ್ದವರಿಗೆ ಸಾಹಿತ್ಯವೇ ಕೇಳಿಸದು. ನಿಲ್ಲಿಸಿ, ಮೈಕಿಗಿಂತ ಮುಂದಿಟ್ಟು, ಕುಣಿಯುವವರ ಕಡೆಗೆ ಸ್ವಲ್ಪ ಬಾಗಿಸಬೇಕು.

ಹೈ ಇಂಪೀಡೆನ್ಸ್ (ವಿದ್ಯುತ್ ತಡೆ ಹೆಚ್ಚಿರುವ) ಮೈಕಿಗೆ ಉದ್ದ ಕೇಬಲ್. ಆರು ಮೀಟರ್ ದಾಟಿದರೆ ಮೇಲಿನ ನಾದ ಮಂಕಾಗುತ್ತದೆ, ಹಮ್ ಸೇರುತ್ತದೆ. ಹೆಣ್ಣುಧ್ವನಿಯ ಸ್ಪಷ್ಟತೆ ಇರುವುದೇ ಅಲ್ಲಿ. ಪರಿಹಾರ ಲೋ ಇಂಪೀಡೆನ್ಸ್ ಮೈಕ್, ಆಂಪ್ಲಿಫೈಯರ್ ತುದಿಗೆ ಟ್ರಾನ್ಸ್‌ಫಾರ್ಮರ್.

ಎಕೋ ಪೆಟ್ಟಿಗೆ. ವಾಟ್ಕಿನ್ಸ್ ಕಾಪಿಕ್ಯಾಟ್ 1958ರಿಂದ ಸಿಗುತ್ತಿತ್ತು. ಒಳಗೆ ಟೇಪಿನ ಸಣ್ಣ ಸುತ್ತು, ಒಂದು ರೆಕಾರ್ಡಿಂಗ್ ಹೆಡ್, ಮೂರು ಪ್ಲೇಬ್ಯಾಕ್ ಹೆಡ್. ಟೇಪ್ ಸವೆದರೆ ದನಿ ಅಲೆಅಲೆಯಾಗುತ್ತದೆ, ಅಂಟು ಬಿಟ್ಟರೆ ಹಾಡಿನ ನಡುವೆಯೇ ಎಕೋ ಮಾಯ. ಕಂದು ಪುಡಿ ಹೆಡ್ಡಿಗೆ ಕೂತರೆ ದನಿ ಕಂಬಳಿ ಹೊದ್ದಂತೆ. ಪ್ರತಿ ಪ್ರದರ್ಶನಕ್ಕೂ ಮೊದಲು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹೆಡ್ ಒರೆಸಿ, ಎರಡು ಹೆಚ್ಚುವರಿ ಸುತ್ತು ಜೇಬಿನಲ್ಲಿರಬೇಕು. ಇಟಲಿಯ ಬಿನ್ಸನ್ ಕಂಪನಿಯ ಎಕೋ ಪೆಟ್ಟಿಗೆಯಲ್ಲಿ ಟೇಪ್ ಇಲ್ಲ, ತಿರುಗುವ ಕಾಂತೀಯ ಡ್ರಮ್ ಇದೆ. ಬಾಳಿಕೆ ಹೆಚ್ಚು, ತೂಕವೂ ಹೆಚ್ಚು. ನಿಧಾನದ ವಾಲ್ಟ್ಸಿಗೆ ಎಕೋ ಚಂದ, ವೇಗದ ಕುಣಿತವಾದ ಕ್ವಿಕ್‌ಸ್ಟೆಪ್ಪಿಗೆ ಆರಿಸಿಬಿಡಬೇಕು, ಇಲ್ಲದಿದ್ದರೆ ಪದದ ಮೇಲೆ ಪದ ಬೀಳುತ್ತದೆ.

ಕೊನೆಯದು ಜೀವಕ್ಕೇ ಸಂಬಂಧಿಸಿದ್ದು. ಹಳ್ಳಿಯ ಬಾಲ್‌ರೂಮುಗಳಲ್ಲಿ ಅರ್ಥಿಂಗ್ ಸರಿ ಇರುತ್ತಿರಲಿಲ್ಲ. ಒಂದು ಕೈಯಲ್ಲಿ ಗಿಟಾರ್, ತುಟಿಗೆ ಮೈಕ್ ತಾಗಿದರೆ ಷಾಕ್. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಹೀಗೆಯೇ ವೇದಿಕೆಯ ಮೇಲೆ ತೀರಿಕೊಂಡರು. ಹಾಡಿನ ಆಂಪ್ಲಿಫೈಯರೂ ಗಿಟಾರ್ ಆಂಪ್ಲಿಫೈಯರೂ ಒಂದೇ ಸಾಕೆಟ್ಟಿನಿಂದ ಬರಬೇಕು, ಮೊದಲು ಟೆಸ್ಟರ್ ಹಿಡಿದು ಮೈಕಿನ ತಲೆಯನ್ನು ಪರೀಕ್ಷಿಸಬೇಕು.

ಕಂಠಸಿರಿ

ಮೈಕ್‌ಸೆಟ್ ಅವರು ಹೇಳಿದ ಮಾನಿಟರ್ ಇಲ್ಲದ ಸ್ಥಿತಿಯೇ ಗಂಟಲಿನ ಮೊದಲ ಶತ್ರು. ತನ್ನ ದನಿ ತನಗೆ ಕೇಳದಿದ್ದಾಗ ಮನುಷ್ಯ ತಾನಾಗೇ ಕೂಗುತ್ತಾನೆ, ತಡೆಯಲಾಗುವುದಿಲ್ಲ. ಅದರ ಮೇಲೆ ಸಿಗರೇಟ್ ಹೊಗೆ ತುಂಬಿದ ಬಾಲ್‌ರೂಮ್, ಬೆವರಿದ ಮೈಯಲ್ಲಿ ಹೊರಬಂದು ತಣ್ಣಗಿನ ವ್ಯಾನ್, ಮೂರು ನಾಲ್ಕು ಗಂಟೆಯ ಪ್ರಯಾಣ, ನಡುವೆ ಮಾತೇ ಮಾತು. ಹೀಗೆ ವರ್ಷಗಟ್ಟಲೆ ನಡೆದರೆ ಧ್ವನಿಪಟಲದ ಮೇಲೆ ಗಂಟು ಕಟ್ಟುವ ಅಪಾಯ. ಮೊದಲ ಸೂಚನೆ ಮೆಲ್ಲಗೆ ಹಾಡಲು ಆಗದಿರುವುದು. ಜೋರಾಗಿ ಬರುತ್ತದೆ, ಮೆಲುದನಿ ಒಡೆಯುತ್ತದೆ. ಆಗ ತಕ್ಷಣ ಒಂದು ಮನೆ ಇಳಿಸಿ, ಮೇಲಿನ ಸ್ವರದ ಹಾಡುಗಳನ್ನು ಪಟ್ಟಿಯ ಮೊದಲ ಅರ್ಧಕ್ಕೆ ತಂದು, ಪ್ರಯಾಣದಲ್ಲಿ ಮೌನ ಹಿಡಿಯಬೇಕು. ಪಿಸುಮಾತೂ ಬೇಡ, ಅದೂ ಗಂಟಲಿಗೆ ಶ್ರಮವೇ.

ಬೆಗ್ಲಿ ಹಾಡುವ ರೀತಿ ಗಮನಿಸಿ: ಮಾತಾಡುವ ದನಿಯ ಹತ್ತಿರವೇ ಇರುತ್ತಾರೆ, ತಾರಸ್ಥಾಯಿಯ ಪ್ರದರ್ಶನ ಇಲ್ಲ, ಸ್ವರವನ್ನು ಕೆಳಗಿನಿಂದ ಸ್ವಲ್ಪ ಜಾರಿಸಿ ಹಿಡಿಯುತ್ತಾರೆ. ಎಂಬತ್ತರ ಹತ್ತಿರದಲ್ಲೂ ವೇದಿಕೆಯಲ್ಲಿದ್ದರು ಅಂದರೆ ಅದರ ಹಿಂದೆ ಈ ಮಿತವ್ಯಯ ಇದೆ.

ಲೆಕ್ಕಪತ್ರ

ದುಡ್ಡಿನ ವಿಷಯ. ದೊಡ್ಡ ಬ್ಯಾಂಡ್‌ಗಳಿಗೆ ನಿಗದಿತ ಮೊತ್ತಕ್ಕಿಂತ ಗೇಟ್ ವಸೂಲಿಯ ಪಾಲು ಇರುತ್ತಿತ್ತು, 50ರಿಂದ 60 ಶೇಕಡ. ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ: 1,500 ಜನ, ಟಿಕೆಟ್ 5 ಶಿಲಿಂಗ್. ಒಟ್ಟು 7,500 ಶಿಲಿಂಗ್, ಅಂದರೆ (20 ಶಿಲಿಂಗಿಗೆ ಒಂದು ಪೌಂಡ್) 375 ಪೌಂಡ್. 60 ಶೇಕಡ ಅಂದರೆ 225 ಪೌಂಡ್ ಬ್ಯಾಂಡಿಗೆ. ಮ್ಯಾನೇಜರ್ ಹತ್ತು ಶೇಕಡ ತೆಗೆದರೆ 202 ಪೌಂಡ್ 10 ಶಿಲಿಂಗ್. ವ್ಯಾನ್, ಪೆಟ್ರೋಲ್, ಸಾಮಾನು ಹೊರುವವರು, ವಾದ್ಯಗಳ ಕಂತು, ಸೂಟುಗಳು ಅಂತ 52 ಪೌಂಡ್ 10 ಶಿಲಿಂಗ್ ಕಳೆದರೆ 150 ಪೌಂಡ್. ಎಂಟು ಜನ ಸಮಪಾಲಿನ ಪಾಲುದಾರರಾದರೆ ಒಬ್ಬೊಬ್ಬರಿಗೆ ಆ ರಾತ್ರಿ 18 ಪೌಂಡ್ 15 ಶಿಲಿಂಗ್.

ಈಗ ಗಾಯಕಿ ಪಾಲುದಾರಳಲ್ಲ, ವಾರದ ಸಂಬಳದವಳು ಅನ್ನಿ. ಜನ 1,500 ಬಂದರೂ 500 ಬಂದರೂ ಆಕೆಗೆ ಅಷ್ಟೇ. ಪೋಸ್ಟರಿನಲ್ಲಿ ಆಕೆಯ ಮುಖ ನೋಡಿಯೇ ಜನ ಬಂದಿರಬಹುದು, ಆದರೂ ಅಷ್ಟೇ. ಆದ್ದರಿಂದ ಬ್ಯಾಂಡ್ ಸೇರುವ ಹುಡುಗಿ ಕೇಳಬೇಕಿದ್ದ ಮೊದಲ ಪ್ರಶ್ನೆ "ಸಂಬಳ ಎಷ್ಟು" ಅಲ್ಲ, "ಪಾಲು ಇದೆಯೇ". ಎರಡನೆಯದು "ಬ್ಯಾಂಡಿನ ಹೆಸರು ಯಾರ ಸ್ವತ್ತು". 1971ರಲ್ಲಿ ಗಾಯಕರಾದ ಬ್ರೆಂಡನ್ ಬೋಯರ್, ಟಾಮ್ ಡನ್‌ಫಿ ರಾಯಲ್ ಶೋಬ್ಯಾಂಡ್ ಬಿಟ್ಟು ಬಿಗ್ 8 ತಂಡ ಕಟ್ಟಿದರು. 1975ರಲ್ಲಿ ಬಿಗ್ ಟಾಮ್ ಮೇನ್‌ಲೈನರ್ಸ್ ಬಿಟ್ಟರು, ಆ ಹೆಸರಿನ ತಂಡ ಬೇರೆ ಗಾಯಕನನ್ನು ಮುಂದಿಟ್ಟುಕೊಂಡು ಮುಂದುವರಿಯಿತು. ಬಿಗ್ ಟಾಮ್‌ಗೆ ಸ್ವಂತ ಹೆಸರೇ ಬಂಡವಾಳವಾಗಿತ್ತು, ಹೋದಲ್ಲೆಲ್ಲ ಜನ ಹಿಂದೆಯೇ ಬಂದರು. ಬರೀ ತಂಡದ ಹೆಸರಿನಡಿ ಹಾಡಿದ ಗಾಯಕಿ ಹೊರಬಂದರೆ ಕೈಯಲ್ಲಿ ಏನಿರುತ್ತದೆ? ಬೆಗ್ಲಿ, ಮಾರ್ಗೊ ಇಬ್ಬರೂ ಹೆಸರನ್ನು ತಂಡದ ಮುಂದಕ್ಕೆ ತಂದರು. ನನಗೆ ಕಾಣುವಂತೆ ಅವರ ವೃತ್ತಿಯಲ್ಲಿ ಯಾವ ಹಾಡಿಗಿಂತಲೂ ದೊಡ್ಡ ತಿರುವು ಇದು.

ಗೇಟಿನ ಮೋಸಕ್ಕೂ ಒಂದು ಮಾತು. ಟಿಕೆಟ್ ಸುರುಳಿಯ ಮೊದಲ ನಂಬರು, ಕೊನೆಯ ನಂಬರು ಬರೆದುಕೊಳ್ಳುವುದು ಸಾಲದು, ಹರಿಯದ ಟಿಕೆಟ್ಟುಗಳು ಬಾಗಿಲಿನಿಂದ ಕೌಂಟರಿಗೆ ವಾಪಸ್ ಹೋಗಿ ಮತ್ತೆ ಮಾರಾಟವಾಗಬಹುದು. ಅದಕ್ಕೇ ಬಾಗಿಲಲ್ಲಿ ಬ್ಯಾಂಡಿನ ಕಡೆಯ ಒಬ್ಬರು ತಲೆ ಎಣಿಸುತ್ತ ನಿಲ್ಲಬೇಕಿತ್ತು.

ಕುಣಿತದಮನೆ

ಲೆಂಟ್ ಎಂಬ ಕ್ರೈಸ್ತರ ವ್ರತದ ಕಾಲವನ್ನು ಯಾರೂ ಹೇಳಲಿಲ್ಲ. ಈಸ್ಟರ್‌ಗೆ ಮುಂಚಿನ ಆರೇಳು ವಾರ ಕ್ಯಾಥೊಲಿಕ್ ಐರ್ಲೆಂಡಿನಲ್ಲಿ ಬಾಲ್‌ರೂಮುಗಳು ಮುಚ್ಚುತ್ತಿದ್ದವು. ಬ್ಯಾಂಡ್‌ಗಳು ಆಗ ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕಕ್ಕೆ ಹೋಗುತ್ತಿದ್ದವು. ಲಂಡನ್ನಿನ ಕ್ರಿಕಲ್‌ವುಡ್‌ನ ಗಾಲ್ಟಿಮೋರ್, ಹಾಲೋವೇ ರಸ್ತೆಯ ಗ್ರೆಶಮ್, ಇವೆಲ್ಲ ವಲಸೆ ಐರಿಷ್ ಕಾರ್ಮಿಕರು, ನರ್ಸ್‌ಗಳು ಸೇರುವ ಜಾಗ. ತಾಯಿ, ಊರು, ಬಿಟ್ಟುಬಂದ ಮನೆ ಕುರಿತ ವಾಲ್ಟ್ಸ್‌ಗಳಿಗೆ ಅಲ್ಲಿದ್ದ ಬೇಡಿಕೆಯೇ ಕಂಟ್ರಿ ಗಾಯಕಿಯರನ್ನು ಬೆಳೆಸಿತು. ಮಾರ್ಗೊ ಆ ಶ್ರೋತೃಗಳ ಮನೆಮಗಳಾದರು.

ಲಯವನ್ನೂ ಹೇಳಿಬಿಡುತ್ತೇನೆ. ಬಾಲ್‌ರೂಮ್ ನಿಯಮದಲ್ಲಿ ವಾಲ್ಟ್ಸ್ ನಿಮಿಷಕ್ಕೆ 28ರಿಂದ 30 ಬಾರ್, ಬಾರಿಗೆ ಮೂರು ಮಾತ್ರೆ. ಕ್ವಿಕ್‌ಸ್ಟೆಪ್ 48ರಿಂದ 52 ಬಾರ್, ಬಾರಿಗೆ ನಾಲ್ಕು. ಗಾಯಕಿ ಭಾವಕ್ಕೆಂದು ಸಾಲಿನ ಕೊನೆಯನ್ನು ಎಳೆದರೆ ಕೇಳಲು ಚಂದ, ಕುಣಿಯುವವರ ಕಾಲು ಮಾತ್ರ ಗಾಳಿಯಲ್ಲಿ. ಭಾವವೆಲ್ಲ ತಾಳದ ಒಳಗೇ ಬರಬೇಕು. ರೆಕಾರ್ಡಿನಲ್ಲಿ ಎಳೆದ ಹಾಡನ್ನು ಬಾಲ್‌ರೂಮಿಗೆ ತರುವಾಗ ಮತ್ತೆ ಬಿಗಿ ಮಾಡಿಕೊಳ್ಳಬೇಕಿತ್ತು.

ಊರಾಚೆಯವ

ಎಲ್ಲ ಸರಿ. ಆದರೆ ಇವರು ಹಾಡಿದ್ದೆಲ್ಲ ಅಮೆರಿಕದವರ ಹಾಡುಗಳ ನಕಲು ತಾನೆ? 1975ರಲ್ಲಿ ಬೆಗ್ಲಿಗೆ ದೊಡ್ಡ ಹೆಸರು ತಂದ ಹಾಡೂ ಬಿಲ್ಲಿ ಜೊ ಸ್ಪಿಯರ್ಸ್ ಅವರದ್ದು, ಅದೇ ವರ್ಷದ್ದು.

ಹಳೇತಟ್ಟೆ

ಹೌದು, ಅವರದ್ದೇ ಹಾಡು. ಆದರೆ ನಕಲು ಎಂದು ತಳ್ಳಿಹಾಕಿದರೆ ಆ ಉದ್ಯಮ ನಡೆದ ಬಗೆಯೇ ಅರ್ಥವಾಗುವುದಿಲ್ಲ. ಅಮೆರಿಕದ ಗಾಯಕಿ ಟೈರೋನಿನ ಹಳ್ಳಿಗೆ ಬಂದು ಕುಣಿಸುವುದಿಲ್ಲ. ಬಾಲ್‌ರೂಮಿಗೆ ಬಂದವರಿಗೆ ರೇಡಿಯೊದಲ್ಲಿ ಕೇಳಿದ ಹಾಡು ಅದೇ ವಾರ, ಕುಣಿಯಲಾಗುವ ಲಯದಲ್ಲಿ, ತಮ್ಮವರ ಉಚ್ಚಾರದಲ್ಲಿ ಬೇಕು. ಶೋಬ್ಯಾಂಡಿನ ಕೆಲಸವೇ ಅದು. ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್ ರೆಕಾರ್ಡ್ ಅವರಿಗೆ ಆದಾಯಕ್ಕಿಂತ ಹೆಚ್ಚಾಗಿ ಪ್ರಚಾರಪತ್ರ. ಡಬ್ಲಿನ್ನಿನ ಸ್ಟುಡಿಯೊದಲ್ಲಿ ಬೇಗ ಮುಗಿಸಿ, ರೇಡಿಯೊದ ಹದಿನೈದು ನಿಮಿಷದ ಪ್ರಾಯೋಜಿತ ಕಾರ್ಯಕ್ರಮಗಳಿಗೆ ತಲುಪಿಸಿ, ಮುಂದಿನ ತಿಂಗಳ ಬುಕಿಂಗ್ ಏರಿಸಿಕೊಳ್ಳುವುದು. 60ರ ದಶಕದಲ್ಲಿ ಮಿಕ್ ಕ್ಲರ್ಕಿನ್ ಶುರು ಮಾಡಿದ ರಿಲೀಸ್ ರೆಕಾರ್ಡ್ಸ್ ಕಂಪನಿ ಹೀಗೆಯೇ ಕಂಟ್ರಿ ಬ್ಯಾಂಡ್‌ಗಳನ್ನು ಕಟ್ಟಿತು. ಅವರು ಮೈಟಿ ಏವನ್ಸ್ ಬ್ಯಾಂಡಿನ ರೋಡ್ ಮ್ಯಾನೇಜರ್ ಆಗಿದ್ದವರು, ಬಾಲ್‌ರೂಮಿನ ಜನಕ್ಕೆ ಏನು ಬೇಕು ಎಂದು ಬಲ್ಲವರು.

ಒಪ್ಪಬೇಕಾದ ನಷ್ಟ ಒಂದಿದೆ. ಹಾಡು ಬರೆಯದ ಗಾಯಕಿಗೆ ರಚನೆಯ ರಾಯಲ್ಟಿ ಬರುವುದಿಲ್ಲ. ರೇಡಿಯೊದಲ್ಲಿ ಎಷ್ಟು ಸಾರಿ ಬಂದರೂ ಆ ದುಡ್ಡು ಅಮೆರಿಕದ ನ್ಯಾಶ್‌ವಿಲ್ಲಿನ ಪ್ರಕಾಶಕರಿಗೆ. ಹಾಗಾಗಿ ಆಕೆಯ ಆದಾಯ ರಸ್ತೆಯ ಮೇಲೇ ನಿಂತಿತ್ತು. ಹಾಡುವುದು ನಿಂತರೆ ಸಂಪಾದನೆಯೂ ನಿಂತಿತು.

ಕಂಠಸಿರಿ

ಅದಕ್ಕೆ ಇನ್ನೊಂದು ಎಳೆ ಸೇರಿಸಿ. ಐರ್ಲೆಂಡಿನಲ್ಲಿ ಸರ್ಕಾರಿ ಕೆಲಸದ ಹೆಂಗಸರು ಮದುವೆಯಾದರೆ ಕೆಲಸ ಬಿಡಬೇಕು ಎಂಬ ನಿಯಮ 1973ರವರೆಗೂ ಇತ್ತು. ಗರ್ಭನಿರೋಧಕ ಮಾರಾಟಕ್ಕೆ 1935ರ ನಿಷೇಧ, ಅದು ಸ್ವಲ್ಪ ಸಡಿಲವಾದದ್ದೇ 1979ರ ಕಾಯ್ದೆಯಿಂದ. ಬ್ಯಾಂಡಿಗೆ ಮದುವೆ ನಿಷೇಧದ ನಿಯಮ ಏನೂ ಇರಲಿಲ್ಲ. ಆದರೆ ಬುಕಿಂಗ್ ತಿಂಗಳುಗಟ್ಟಲೆ ಮುಂಚೆ ಆಗುತ್ತದೆ, ಹೆರಿಗೆ ರಜೆ ಎಂಬುದಿಲ್ಲ, ಜಾಗ ಖಾಲಿಯಾದ ವಾರವೇ ಬೇರೊಬ್ಬಳು ಬರುತ್ತಾಳೆ. ಅಂಥ ಸಮಾಜದಲ್ಲಿ ಮದುವೆ, ಮಕ್ಕಳಾದ ಮೇಲೂ ಬೆಗ್ಲಿ, ಮೆಕ್ಯಾನ್ ರಸ್ತೆಯಲ್ಲೇ ಉಳಿದದ್ದು ಸಣ್ಣ ಸಾಧನೆಯಲ್ಲ. ಸಂಗೀತದ ಬದುಕು ಏನೆಂದು ಬಲ್ಲ ಗಂಡ ಇದ್ದದ್ದು ಬೆಗ್ಲಿಗೆ ನೆರವಾಗಿರಲೇಬೇಕು.

ತಾಳಮೇಳ

ಉತ್ತರ ಐರ್ಲೆಂಡಿನ ಹಿಂಸೆಯ ಸ್ಥಿತಿಯನ್ನೂ ಮರೆಯಬಾರದು. 1975ರ ಜುಲೈ 31ರ ನಸುಕಿನಲ್ಲಿ ಬ್ಯಾನ್‌ಬ್ರಿಜ್‌ನಿಂದ ಡಬ್ಲಿನ್ನಿಗೆ ಮರಳುತ್ತಿದ್ದ ಮಯಾಮಿ ಶೋಬ್ಯಾಂಡಿನ ವ್ಯಾನನ್ನು ನ್ಯೂರಿ ಹತ್ತಿರ ಬಸ್ಕ್‌ಹಿಲ್‌ನಲ್ಲಿ ಸುಳ್ಳು ಸೇನಾ ತಪಾಸಣೆ ಹೂಡಿ ನಿಲ್ಲಿಸಿದರು. ಯುವಿಎಫ್ ಎಂಬ ಬ್ರಿಟನ್ ಪರ ಸಶಸ್ತ್ರ ಗುಂಪಿನ ಉಗ್ರರ ಕೈಗೆ ಫ್ರಾನ್ ಓಟೂಲ್, ಬ್ರಯನ್ ಮೆಕಾಯ್, ಟೋನಿ ಗೆರಾಟಿ ಬಲಿಯಾದರು. ಆಮೇಲೆ ದಕ್ಷಿಣದ ಬ್ಯಾಂಡ್‌ಗಳು ಗಡಿ ದಾಟಲು ಹಿಂಜರಿದವು. ಟೈರೋನ್, ಆರ್ಮಾ ಕೌಂಟಿಯವರಾದ ಬೆಗ್ಲಿ, ಮೆಕ್ಯಾನ್‌ಗೆ ಆ ಆಯ್ಕೆಯೇ ಇರಲಿಲ್ಲ, ಮನೆ ಇದ್ದದ್ದೇ ಅಲ್ಲಿ. ಪ್ರತಿ ರಾತ್ರಿಯ ವಾಪಸಿನಲ್ಲೂ ತಪಾಸಣೆ. 1979ರಲ್ಲಿ ಐರಿಷ್ ಪೌಂಡ್ ಬ್ರಿಟಿಷ್ ಪೌಂಡಿನ ಸಮಾನತೆ ಬಿಟ್ಟ ಮೇಲೆ ಗಡಿಯ ಎರಡೂ ಕಡೆ ಹಾಡುವವರಿಗೆ ಯಾವ ಪೌಂಡಿನಲ್ಲಿ ಒಪ್ಪಂದ ಎನ್ನುವುದೂ ಬರೆದುಕೊಳ್ಳಬೇಕಾದ ವಿಷಯವಾಯಿತು.

ಅಷ್ಟರಲ್ಲಿ ಬಾಲ್‌ರೂಮುಗಳೂ ಕುಸಿದವು. ಮದ್ಯದ ಪರವಾನಗಿ ಇದ್ದ ಹೋಟೆಲುಗಳು, ಡಿಸ್ಕೊಗಳು ಜನರನ್ನು ಸೆಳೆದವು. ಆಲ್ಬರ್ಟ್ ರೆನಾಲ್ಡ್ಸ್ ಅಣ್ಣನೊಂದಿಗೆ ಕಟ್ಟಿದ್ದ ಬಾಲ್‌ರೂಮ್ ಸರಣಿಯಿಂದ ಹೊರಬಂದು ರಾಜಕೀಯ ಸೇರಿ, 1992ರಲ್ಲಿ ಐರ್ಲೆಂಡಿನ ಪ್ರಧಾನಿಯೇ ಆದರು. ಪಾಪ್ ಶೋಬ್ಯಾಂಡ್‌ಗಳು ಮುಳುಗಿದವು, ಕಂಟ್ರಿ ತಂಡಗಳು ಹೋಟೆಲುಗಳಿಗೆ, ಹಬ್ಬದ ಶಾಮಿಯಾನಗಳಿಗೆ ಸ್ಥಳ ಬದಲಿಸಿ ಬದುಕಿದವು.

ಡಬ್ಲಿನ್‌ವಾಸಿ

ಈಗಿನ ಸ್ಥಿತಿ: ಜೈವ್ ಕುಣಿತ ಮತ್ತೆ ಬಂದಿದೆ, ಟೈರೋನ್, ಡೊನೆಗಾಲ್, ಮೇಯೊ ಕಡೆ ತುಂಬ ಜೋರು. ಲೀಸಾ ಮೆಕ್‌ಹ್ಯೂ, ಕ್ಲಿಯೋನಾ ಹೇಗನ್ ಮೊದಲಿನಿಂದಲೂ ಸ್ವಂತ ಹೆಸರಿನಲ್ಲೇ ಹಾಡುತ್ತಾರೆ. ಟಿಜಿ4 ವಾಹಿನಿಯ ಗ್ಲೋರ್ ಟೀರೆ ಸ್ಪರ್ಧೆಯಲ್ಲಿ ಹಿರಿಯ ಗಾಯಕರು ಹೊಸಬರಿಗೆ ಮಾರ್ಗದರ್ಶಕರಾಗಿರುತ್ತಾರೆ, ಬೆಗ್ಲಿಯೂ ಆಗಿದ್ದಾರೆ.

ರೇಡಿಯೊಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಈ ತಂಡಗಳ ಹಳೆಯ ರೆಕಾರ್ಡ್ ಕೇಳುವಾಗ ಗಾಯಕಿಗೆ ಸರಿಯಾದ ಶ್ರುತಿ ಕೊಟ್ಟಿದ್ದಾರೋ ಇಲ್ಲವೋ ಎಂದು ಹೇಗೆ ಗುರುತಿಸುವುದು?

ಕಪ್ಪುಬಿಳಿ

ಮೊದಲ ಚರಣದ ಅತಿ ಕೆಳಗಿನ ಪದ, ಪಲ್ಲವಿಯ ಅತಿ ಮೇಲಿನ ಪದ, ಈ ಎರಡನ್ನು ಹೆಡ್‌ಫೋನಿನಲ್ಲಿ ಕೇಳಿ. ಕೆಳಗಿನದು ಬರೀ ಉಸಿರಾಗಿದ್ದರೆ ಶ್ರುತಿ ಕಡಿಮೆಯಾಯಿತು. ಮೇಲಿನದರಲ್ಲಿ ಸ್ವರಾಕ್ಷರದ ಉಚ್ಚಾರ ಬದಲಾಗಿದ್ದರೆ, ಅಂದರೆ "ಈ" ಅನ್ನುವುದು "ಎ" ಆಗಿ ಅಗಲವಾಗಿದ್ದರೆ, ಗಂಟಲು ಜಾಗ ಹುಡುಕುತ್ತಿದೆ, ಶ್ರುತಿ ಹೆಚ್ಚಾಯಿತು. ಆಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಆಧಾರ ಸ್ವರ ಹುಡುಕಿ. ಹಿತ್ತಾಳೆ ವಾದ್ಯಗಳಿರುವ ರೆಕಾರ್ಡಿನಲ್ಲಿ ಕಪ್ಪು ಎರಡೋ ಕಪ್ಪು ಐದೋ ಬಂದರೆ ಶ್ರುತಿ ಆರಿಸಿದ್ದು ಬಹುಶಃ ಊದುವವರು. ತಟ್ಟೆಯ ವೇಗ ಸ್ವಲ್ಪ ಹೆಚ್ಚು ಕಡಿಮೆಯಾಗಿ ಡಿಜಿಟಲ್ ಮಾಡಿರಬಹುದು, ಆದ್ದರಿಂದ ಒಂದೇ ಪ್ರತಿ ನಂಬಬೇಡಿ, ಎರಡು ಮೂರು ಪ್ರತಿ ಹೋಲಿಸಿ ನೋಡಿ.